‘ಸಾಕಷ್ಟು’ ಎಂಬ ಮಾತಿನ ಗಣಿತ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ಇರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗೇಟಿನ ಒಳಬದಿಯಲ್ಲಿ ನೆಲದೊಳಗೊಂದು ಸಂಪು. ತಾರಸಿಯ ಮೇಲೊಂದು ಟ್ಯಾಂಕು. ಸುಮಾರು ನೂರು ಕಿಲೋಮೀಟರುಗಳ ಆಚೆಯಿಂದ ಪಂಪುಗಳ ಬಲದಿಂದ ಮೇಲೇರಿ ಬರುವ ಕಾವೇರಿಯ ನೀರು ಕೊಳಾಯಿಯಲ್ಲಿ ಹಗಲಿರುಳೂ ಹರಿಯುವುದಿಲ್ಲ. ಬಂದಾಗ ಹಿಡಿದಿಟ್ಟುಕೊಂಡು, ಮತ್ತೆ ಬರುವವರೆಗೆ ಕಾಯಬೇಕು. ಬೆಳಗಾಗುತ್ತಲೆ ತಾಯಿ ಮಗನನ್ನು ಕೂಗಿ ಹೇಳುತ್ತಾಳೆ: “ಸಂಪಿನ ಮುಚ್ಚಳ ತೆಗೆದು ನೋಡೊ, ನೀರು ಸಾಕಷ್ಟಿದೆಯೇನು?” ಹುಡುಗ ಇಣಿಕಿ ನೋಡಿ, “ಪರವಾಗಿಲ್ಲಮ್ಮ, ಒಂದು ಮಟ್ಟಕ್ಕಿದೆ” ಎನ್ನುತ್ತಾನೆ. “ನೀರು ಬಿಡೋದು ಇನ್ನೂ ನಾಡಿದ್ದು. ಹಾಗಾದರೆ ಬೆಡ್‌ಶೀಟು ಇವತ್ತು ಬೇಡ, ಮೈಮೇಲಿನ ಬಟ್ಟೆ ಮಾತ್ರ ಒಗೆಯೋಣ” ಎಂದು ಆಕೆ ತೀರ್ಮಾನಿಸುತ್ತಾಳೆ.

ಈ ಸಂಭಾಷಣೆಯಲ್ಲಿ ಒಂದಾದರೂ ಅಂಕೆಯಿಲ್ಲ. ಸಂಪಿನಲ್ಲಿ ಎಷ್ಟು ಲೀಟರು ಇದೆಯೆಂದು ಯಾರೂ ಅಳೆಯಲಿಲ್ಲ. ಆದರೂ ತಾಯಿ ಮೂರು ಸಂಗತಿಗಳನ್ನು ತೂಗಿ ನೋಡಿದ್ದಾಳೆ: ಇರುವ ಸಂಗ್ರಹವೆಷ್ಟು, ಬರಲಿರುವ ನೀರೆಂದು, ಆ ದಿನದ ಅಗತ್ಯವೇನು. ಮೂರನ್ನೂ ಕೂಡಿಸಿ ಬಳಕೆಯನ್ನು ನಿರ್ಣಯಿಸಿದ್ದಾಳೆ. 2024ರ ಬೇಸಗೆಯಲ್ಲಿ ನಗರದಲ್ಲಿ ನೀರಿನ ಅಭಾವ ತಲೆದೋರಿ ಕೊಳವೆ ಬಾವಿಗಳು ಬತ್ತಿದಾಗ ಸಾವಿರಾರು ಮನೆಗಳು ದಿನ ದೂಡಿದುದು ಇಂತಹ ನಿರ್ಣಯಗಳ ಬಲದಿಂದಲೇ.

ಇಷ್ಟು ಸುಲಭವಾಗಿ ಕಾಣುವ ಈ ಕೆಲಸವನ್ನು ಯಂತ್ರಕ್ಕೆ ಕಲಿಸಲು ಹೊರಟವರು ಮಾತ್ರ ಬಹಳ ಕಾಲ ಕಷ್ಟಪಡಬೇಕಾಯಿತು. ತೊಡಕು ಬಂದುದು ಲೆಕ್ಕದಲ್ಲಿ ಅಲ್ಲ. ‘ಸಾಕಷ್ಟು’ ಎಂಬ ಒಂದು ಮಾತಿನಲ್ಲಿ.

ಇದೆ, ಇಲ್ಲದಿದ್ದರೆ ಇಲ್ಲ

ತರ್ಕಶಾಸ್ತ್ರವೆಂದು ನಾವು ಸಾಮಾನ್ಯವಾಗಿ ಕಲಿಯುವುದು ಗ್ರೀಸಿನ ಅರಿಸ್ಟಾಟಲನಿಂದ ಬಂದುದು. ಅದರ ಒಂದು ಮೂಲನಿಯಮದ ಪ್ರಕಾರ ಯಾವುದೇ ಹೇಳಿಕೆಯಾದರೂ ನಿಜ, ಇಲ್ಲವೆ ಸುಳ್ಳು, ಮೂರನೆಯ ಪಕ್ಷವಿಲ್ಲ. ಜಾರ್ಜ್ ಬೂಲ್ ಎಂಬ ಗಣಿತಜ್ಞನು 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತರ್ಕಕ್ಕೆ ಬೀಜಗಣಿತದ ರೂಪವನ್ನು ಕೊಟ್ಟನು. ನಿಜಕ್ಕೆ 1, ಸುಳ್ಳಿಗೆ 0. ಕ್ಲಾಡ್ ಷಾನನ್ ಎಂಬ ತರುಣ ವಿದ್ಯಾರ್ಥಿ 1937ರಲ್ಲಿ ತನ್ನ ಪ್ರಬಂಧದಲ್ಲಿ, ವಿದ್ಯುತ್ ಸ್ವಿಚ್ಚುಗಳ ಜೋಡಣೆಯಿಂದ ಬೂಲನ ಬೀಜಗಣಿತವನ್ನೆಲ್ಲ ಸಾಧಿಸಬಹುದೆಂದು ತೋರಿಸಿದನು. ಇಂದಿನ ಗಣಕಯಂತ್ರಗಳೆಲ್ಲ ಆ ತಳಹದಿಯ ಮೇಲೆ ನಿಂತಿವೆ.

ಈ ತರ್ಕದ ಉಪಕಾರ ಅಷ್ಟಿಷ್ಟಲ್ಲ. ಆದರೆ ಅದು ಎಲ್ಲಿ ಎಡವುತ್ತದೆಂಬುದನ್ನು ಪ್ರಾಚೀನ ಗ್ರೀಕರೇ ಒಂದು ಒಗಟಿನ ರೂಪದಲ್ಲಿ ತೋರಿಸಿಕೊಟ್ಟಿದ್ದರು. ನಮ್ಮ ಕಡೆಯ ಮಾತಿನಲ್ಲಿ ಅದನ್ನು ಹೀಗೆ ಹೇಳಬಹುದು. ಕಣದಲ್ಲಿ ರಾಗಿಯ ರಾಶಿ ಬಿದ್ದಿದೆ. ಅದರಿಂದ ಒಂದು ಕಾಳನ್ನು ತೆಗೆದರೆ ಉಳಿದುದು ರಾಶಿಯೇ ಅಲ್ಲವೆ? ಇನ್ನೊಂದನ್ನು ತೆಗೆದರೂ ರಾಶಿಯೇ. ಒಂದು ಕಾಳಿನಿಂದ ರಾಶಿತನ ಕೆಡುವುದಿಲ್ಲವೆಂದು ಒಪ್ಪಿದ ಮೇಲೆ ಹೀಗೆಯೇ ತೆಗೆಯುತ್ತ ಹೋಗಬಹುದು. ಕೊನೆಗೆ ಒಂದೇ ಕಾಳು ಉಳಿದಾಗಲೂ ಅದನ್ನು ರಾಶಿಯೆಂದೇ ಕರೆಯಬೇಕಾಗುತ್ತದೆ! ಪ್ರತಿಯೊಂದು ಹೆಜ್ಜೆಯೂ ಸರಿಯಾಗಿದೆ. ತಲುಪಿದ ಸ್ಥಳ ಮಾತ್ರ ಹಾಸ್ಯಾಸ್ಪದ.

ಇದಕ್ಕೆ ‘ಒಂದು ಲಕ್ಷ ಕಾಳಿಗೆ ಮೇಲ್ಪಟ್ಟುದು ರಾಶಿ’ ಎಂದು ಗೆರೆ ಎಳೆದುಬಿಡುವುದು ಒಂದು ಪರಿಹಾರ. ಆದರೆ 99,999 ಕಾಳು ರಾಶಿಯಲ್ಲವೆಂದು ಯಾವ ರೈತನೂ ಒಪ್ಪಲಾರನು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂತಹವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ತೇರ್ಗಡೆಯ ಗೆರೆಗೆ ಒಂದು ಅಂಕ ಕಡಮೆ ಪಡೆದವನಿಗೂ ಗೆರೆಯನ್ನು ಮುಟ್ಟಿದವನಿಗೂ ತಿಳಿವಳಿಕೆಯಲ್ಲಿರುವ ಅಂತರ ಕೂದಲೆಳೆಯಷ್ಟು. ಫಲಿತಾಂಶದಲ್ಲಿ ಅಂತರ ಒಂದು ವರ್ಷದಷ್ಟು.

ಬೇರೆಯ ತರ್ಕಗಳು

ಎರಡೇ ಬೆಲೆಗಳು ಸಾಲವೆಂಬ ಭಾವನೆ ಹೊಸದಲ್ಲ. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಶೇವಿಚ್ 1920ರಲ್ಲಿ ಮೂರು ಬೆಲೆಗಳ ತರ್ಕವೊಂದನ್ನು ರಚಿಸಿದನು. ‘ನಾಳೆ ಮಳೆ ಬರುತ್ತದೆ’ ಎಂಬಂತಹ ಹೇಳಿಕೆ ಇಂದು ನಿಜವೂ ಅಲ್ಲ, ಸುಳ್ಳೂ ಅಲ್ಲ; ಅದಕ್ಕೆ ನಡುವಣ ಬೆಲೆಯನ್ನು ಕೊಡಬೇಕೆಂಬುದು ಅವನ ವಾದ.

ನಮ್ಮ ದೇಶದಲ್ಲಿ ಇದಕ್ಕಿಂತ ಎಷ್ಟೋ ಶತಮಾನಗಳ ಹಿಂದೆಯೇ ಜೈನ ದಾರ್ಶನಿಕರು ಸ್ಯಾದ್ವಾದವನ್ನು ಬೆಳೆಸಿದ್ದರು. ಕರ್ನಾಟಕದ ಜೈನ ಪರಂಪರೆ ಗೌರವಿಸುವ ಸಮಂತಭದ್ರ, ಅಕಲಂಕ ಮೊದಲಾದ ಆಚಾರ್ಯರು ಅದನ್ನು ವಿಸ್ತಾರವಾಗಿ ಪ್ರತಿಪಾದಿಸಿದವರು. ಅದರ ಪ್ರಕಾರ ಒಂದು ವಸ್ತುವಿನ ಬಗೆಗೆ ಹೇಳಬಹುದಾದ ಮಾತುಗಳು ಏಳು ಬಗೆ: ಒಂದು ದೃಷ್ಟಿಯಿಂದ ಇದೆ, ಒಂದು ದೃಷ್ಟಿಯಿಂದ ಇಲ್ಲ, ಇದೆ ಮತ್ತು ಇಲ್ಲ, ಹೇಳಲು ಬಾರದು, ಮತ್ತು ಈ ಕೊನೆಯದನ್ನು ಮೊದಲ ಮೂರರೊಡನೆ ಕೂಡಿಸಿದರೆ ಬರುವ ಇನ್ನು ಮೂರು. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ 1954ರಲ್ಲಿಯೂ, ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿಯೂ ಈ ಏಳು ಭಂಗಿಗಳನ್ನು ಆಧುನಿಕ ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸಿ ಲೇಖನಗಳನ್ನು ಬರೆದರು.

ಮುಂದೆ ಹೇಳಲಿರುವ ತರ್ಕಕ್ಕೂ ಸ್ಯಾದ್ವಾದಕ್ಕೂ ವ್ಯತ್ಯಾಸವಿದೆ. ಎರಡೂ ಒಂದೇ ಎಂದು ಹೆಮ್ಮೆಪಡುವುದು ಎರಡಕ್ಕೂ ಅನ್ಯಾಯ. ಸಂಪಿನ ನೀರು ಅಡುಗೆಯ ದೃಷ್ಟಿಯಿಂದ ಸಾಕು, ಬಟ್ಟೆ ಒಗೆಯುವ ದೃಷ್ಟಿಯಿಂದ ಸಾಲದು ಎಂದರೆ ಅದು ದೃಷ್ಟಿಭೇದ; ಸ್ಯಾದ್ವಾದದ ಕ್ಷೇತ್ರ. ಆದರೆ ಒಬ್ಬಳೇ ತಾಯಿ, ಒಂದೇ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು, ‘ಸಾಕು ಎನ್ನಬಹುದು, ಆದರೆ ಪೂರ್ತಿ ಸಾಕು ಎನ್ನುವಂತಿಲ್ಲ’ ಎಂದರೆ ಅದು ಪ್ರಮಾಣದ ಮಾತು. ಈ ಪ್ರಮಾಣವನ್ನು ಗಣಿತಕ್ಕೆ ಒಳಪಡಿಸಿದವನು ಲೊಟ್ಫಿ ಜಾದೆ.

ಜಾದೆಯ ಗಣಗಳು

ಜಾದೆ 1921ರಲ್ಲಿ ಬಾಕು ನಗರದಲ್ಲಿ ಹುಟ್ಟಿದವನು. ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕನಾಗಿದ್ದು 2017ರಲ್ಲಿ ತೀರಿಕೊಂಡನು. ಅವನು 1965ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ‘ಫಜಿ’ ಗಣಗಳ ಸಿದ್ಧಾಂತ ಆರಂಭವಾಯಿತು. ಫಜಿ ಎಂದರೆ ಅಂಚು ಮಸುಕಾದುದು. ಕನ್ನಡದಲ್ಲಿ ಇದನ್ನು ಅಸ್ಪಷ್ಟ ತರ್ಕವೆಂದು ಕರೆಯುವುದುಂಟು. ಹೆಸರು ತಪ್ಪು ತಿಳಿವಳಿಕೆಗೆ ಎಡೆಗೊಡುವಂತಿದೆ. ಇಲ್ಲಿ ತರ್ಕ ಅಸ್ಪಷ್ಟವಲ್ಲ. ಅಸ್ಪಷ್ಟವಾದ ಮಾತುಗಳನ್ನು ಕುರಿತ ಸ್ಪಷ್ಟವಾದ ತರ್ಕ ಇದು.

ಶಾಲೆಯಲ್ಲಿ ಕಲಿತ ಗಣವನ್ನು ನೆನಪಿಸಿಕೊಳ್ಳಿ. ಒಂದು ವಸ್ತು ಗಣದೊಳಗೆ ಇರುತ್ತದೆ, ಇಲ್ಲವೆ ಹೊರಗೆ ಇರುತ್ತದೆ. ಜಾದೆಯ ಗಣದಲ್ಲಿ ಸದಸ್ಯತ್ವಕ್ಕೂ ಪ್ರಮಾಣವುಂಟು. ಅದು 0ಯಿಂದ 1ರವರೆಗೆ ಯಾವ ಬೆಲೆಯಾದರೂ ಆಗಬಹುದು. ನಮ್ಮ ಸಂಪಿನಲ್ಲಿ 500 ಲೀಟರು ಅಥವಾ ಅದಕ್ಕೂ ಕಡಮೆ ನೀರಿದ್ದರೆ ಅದು ಪೂರ್ಣವಾಗಿ ‘ಕಡಮೆ’ಯ ಗಣಕ್ಕೆ ಸೇರಿತು, 1,500 ಲೀಟರು ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಪೂರ್ಣವಾಗಿ ‘ಸಾಕಷ್ಟು’ ಎಂಬ ಗಣಕ್ಕೆ ಸೇರಿತು ಎಂದಿಟ್ಟುಕೊಳ್ಳೋಣ. ನಡುವೆ ಒಂದು ಓರೆಗೆರೆಯನ್ನು ಎಳೆದರೆ, 1,250 ಲೀಟರು ನೀರು ‘ಸಾಕಷ್ಟು’ ಗಣಕ್ಕೆ 0.75ರ ಮಟ್ಟಿಗೂ, ‘ಕಡಮೆ’ ಗಣಕ್ಕೆ 0.25ರ ಮಟ್ಟಿಗೂ ಸೇರುತ್ತದೆ. ಒಂದೇ ನೀರು ಎರಡು ಗಣಗಳಲ್ಲಿಯೂ ಏಕಕಾಲದಲ್ಲಿ ಇದೆ! ಅರಿಸ್ಟಾಟಲನ ನಿಯಮ ಇಲ್ಲಿ ಸಡಿಲಗೊಂಡಿರುವುದನ್ನು ಗಮನಿಸಿ. ರಾಗಿಯ ಒಗಟೂ ಇದರಿಂದ ಸಡಿಲವಾಗುತ್ತದೆ: ಒಂದೊಂದು ಕಾಳನ್ನು ತೆಗೆದಾಗಲೂ ರಾಶಿತನ ಅತ್ಯಲ್ಪವಾಗಿ ಇಳಿಯುತ್ತ ಹೋಗುತ್ತದೆ, ಇದ್ದಕ್ಕಿದ್ದಂತೆ ಇಲ್ಲವಾಗುವ ಕಾಳು ಯಾವುದೂ ಇಲ್ಲ.

‘ಇದು ಸಂಭವನೀಯತೆಯೇ ಅಲ್ಲವೆ?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಅಲ್ಲ. ‘ನಾಳೆ ನೀರು ಬರುವ ಸಂಭವ 0.75’ ಎಂಬ ಮಾತು ನಮ್ಮ ಅರಿವಿನ ಕೊರತೆಯನ್ನು ಹೇಳುತ್ತದೆ. ನಾಳೆ ಕಳೆದ ಮೇಲೆ ಆ ಸಂಖ್ಯೆಗೆ ಕೆಲಸವಿಲ್ಲ. ನೀರು ಬಂದಿರುತ್ತದೆ, ಇಲ್ಲವೆ ಬಂದಿರುವುದಿಲ್ಲ. ‘ಸಂಪಿನ ನೀರು 0.75ರ ಮಟ್ಟಿಗೆ ಸಾಕಷ್ಟು’ ಎಂಬ ಮಾತಾದರೋ ಸಂಪನ್ನು ಒಂದು ಲೋಟವೂ ತಪ್ಪದಂತೆ ಅಳೆದ ಮೇಲೆಯೂ ಹಾಗೆಯೇ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಲೆಕ್ಕಹಾಕುವ ಅಳತೆಯ ದೋಷವೂ ಇದಲ್ಲ. ಮಸುಕು ಇರುವುದು ಅಳತೆಗೋಲಿನಲ್ಲಿ ಅಲ್ಲ, ಮಾತಿನ ಅರ್ಥದಲ್ಲಿ.

ಸಂಪಿನ ಲೆಕ್ಕ

ಈಗ ತಾಯಿಯ ನಿರ್ಣಯವನ್ನು ಯಂತ್ರಕ್ಕೆ ಒಪ್ಪಿಸೋಣ. ಸುಲಭವಾಗಲೆಂದು ದಿನದ ಅಗತ್ಯವನ್ನು ಸದ್ಯಕ್ಕೆ ಬಿಟ್ಟು, ಸಂಗ್ರಹವನ್ನೂ ನೀರು ಬರುವ ಸಮಯವನ್ನೂ ಮಾತ್ರ ತೆಗೆದುಕೊಳ್ಳೋಣ. ನೀರು ಬರಲು ಒಂದು ದಿನ ಅಥವಾ ಅದಕ್ಕೂ ಕಡಮೆ ಇದ್ದರೆ ಅದು ಪೂರ್ಣವಾಗಿ ‘ಹತ್ತಿರ’; ಮೂರು ದಿನ ಅಥವಾ ಹೆಚ್ಚಿದ್ದರೆ ಪೂರ್ಣವಾಗಿ ‘ದೂರ’. ಇನ್ನು ಎರಡೂವರೆ ದಿನವಿದೆಯೆಂದರೆ ‘ಹತ್ತಿರ’ 0.25, ‘ದೂರ’ 0.75. ನಾಲ್ಕು ಜನರ ಆ ಮನೆಗೆ ಎರಡು ನಿಯಮಗಳಿರಲಿ:

ಒಂದು: ನೀರು ಸಾಕಷ್ಟಿದ್ದು, ಬರುವ ದಿನವೂ ಹತ್ತಿರವಿದ್ದರೆ, ದಿನಕ್ಕೆ 600 ಲೀಟರು ಧಾರಾಳವಾಗಿ ಬಳಸು.

ಎರಡು: ನೀರು ಕಡಮೆಯಿದ್ದರೆ, ಅಥವಾ ಬರುವ ದಿನ ದೂರವಿದ್ದರೆ, 300 ಲೀಟರಿನಲ್ಲಿ ಮಿತವಾಗಿ ನಡೆಸು.

‘ಮತ್ತು’ ಎಂದು ಕೂಡಿದ ಎರಡು ಮಾತುಗಳಲ್ಲಿ ಚಿಕ್ಕ ಬೆಲೆಯನ್ನೂ, ‘ಅಥವಾ’ ಎಂದು ಕೂಡಿದವುಗಳಲ್ಲಿ ದೊಡ್ಡ ಬೆಲೆಯನ್ನೂ ತೆಗೆದುಕೊಳ್ಳಬೇಕೆಂದು ಜಾದೆ ಸೂಚಿಸಿದನು. ಅದರಂತೆ ಮೊದಲನೆಯ ನಿಯಮದ ಬಲ 0.75, 0.25 ಇವುಗಳಲ್ಲಿ ಚಿಕ್ಕದು, ಅಂದರೆ 0.25. ಎರಡನೆಯದರ ಬಲ 0.25, 0.75 ಇವುಗಳಲ್ಲಿ ದೊಡ್ಡದು, ಅಂದರೆ 0.75. ಎರಡು ನಿಯಮಗಳೂ ತಮ್ಮ ತಮ್ಮ ಬಲಕ್ಕೆ ತಕ್ಕಂತೆ ಮಾತನಾಡುತ್ತವೆ. ಉತ್ತರ: 600ರ ಕಾಲು ಭಾಗ 150, 300ರ ಮುಕ್ಕಾಲು ಭಾಗ 225; ಒಟ್ಟು ದಿನಕ್ಕೆ 375 ಲೀಟರು. ಎರಡೂವರೆ ದಿನಕ್ಕೆ ಸುಮಾರು 940 ಲೀಟರು ಖರ್ಚಾಗಿ, ಸಂಪಿನಲ್ಲಿ ಸ್ವಲ್ಪ ಉಳಿಯುತ್ತದೆ. ಧಾರಾಳವಾಗಿ ಬಳಸಿದ್ದರೆ 1,500 ಲೀಟರು ಬೇಕಾಗಿ, ಮೂರನೆಯ ದಿನ ಬೆಳಗಾಗುವ ಹೊತ್ತಿಗೆ ಸಂಪು ಬರಿದಾಗುತ್ತಿತ್ತು.

ಇದರ ಬದಲು ‘1,000 ಲೀಟರಿಗೆ ಮೇಲಿದ್ದರೆ 600, ಇಲ್ಲದಿದ್ದರೆ 300’ ಎಂದು ಗೆರೆ ಎಳೆದಿದ್ದರೆ, ಒಂದು ಚೊಂಬು ನೀರಿನ ವ್ಯತ್ಯಾಸಕ್ಕೆ ದಿನದ ಬಳಕೆ ಎರಡರಷ್ಟಾಗುತ್ತಿತ್ತು. ಫಜಿ ವಿಧಾನದಲ್ಲಿ ಇಂತಹ ಹಠಾತ್ ನೆಗೆತವಿಲ್ಲ. ಇಲ್ಲಿ ತೋರಿಸಿದುದು ಸರಳಗೊಳಿಸಿದ ರೂಪ. ದೊಡ್ಡ ಸಮಸ್ಯೆಗಳಲ್ಲಿ ನಿಯಮಗಳ ಫಲಿತಗಳನ್ನು ಆಕೃತಿಗಳಾಗಿ ಬರೆದು, ಅವು ಕೂಡಿದ ಆಕೃತಿಯ ಗುರುತ್ವಕೇಂದ್ರವನ್ನು ಕಂಡುಹಿಡಿಯುವುದುಂಟು. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಅದು ಪರಿಚಿತವಾದ ಲೆಕ್ಕವೇ.

ಲಂಡನ್ನಿನಲ್ಲಿ ಇಬ್ರಾಹಿಂ ಮಮ್ದಾನಿ ಎಂಬ ಎಂಜಿನಿಯರು ತನ್ನ ವಿದ್ಯಾರ್ಥಿಯೊಡನೆ 1970ರ ದಶಕದ ಮಧ್ಯಭಾಗದಲ್ಲಿ ಇಂತಹ ನಿಯಮಗಳಿಂದ ಒಂದು ಚಿಕ್ಕ ಉಗಿಯಂತ್ರವನ್ನು ನಡೆಸಿ ತೋರಿಸಿದನು. 1987ರಲ್ಲಿ ಜಪಾನಿನ ಸೆಂಡೈ ನಗರದ ಸುರಂಗ ರೈಲು ಈ ತರ್ಕದ ಹತೋಟಿಯಲ್ಲಿ ಓಡಲಾರಂಭಿಸಿತು. ಬಳಿಕ ಬಟ್ಟೆ ಒಗೆಯುವ ಯಂತ್ರಗಳಿಗೂ ಅದು ಬಂದಿತು.

ಮಲಪ್ರಭೆಯ ಅಣೆಕಟ್ಟು

ಸಂಪಿನ ಸ್ಥಾನದಲ್ಲಿ ಜಲಾಶಯವನ್ನೂ, ಮನೆಯ ಸ್ಥಾನದಲ್ಲಿ ನಾಲ್ಕು ಜಿಲ್ಲೆಗಳ ಹೊಲಗಳನ್ನೂ ಇಟ್ಟರೆ ಸಮಸ್ಯೆ ಅದೇ. ಪಣ ಮಾತ್ರ ಬಹಳ ದೊಡ್ಡದು. ಸಹ್ಯಾದ್ರಿಯ ಕಣಕುಂಬಿಯ ಬಳಿ ಹುಟ್ಟುವ ಮಲಪ್ರಭಾ ನದಿಗೆ ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ 1970ರ ದಶಕದ ಆರಂಭದಲ್ಲಿ ಅಣೆಕಟ್ಟು ಸಿದ್ಧವಾಯಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಆ ಜಲಾಶಯಕ್ಕೆ ನೀರು ಬರುವುದು ಪಶ್ಚಿಮ ಘಟ್ಟದ ಮಳೆಗಾಲದಿಂದ. ಅದನ್ನು ನೆಚ್ಚಿಕೊಂಡಿರುವುದು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಬಯಲುಸೀಮೆಯ ಬೆಳೆ. ಈಗ ಹೆಚ್ಚು ಬಿಟ್ಟರೆ ಬೇಸಗೆಗೆ ಉಳಿಯದು. ಹಿಡಿದಿಟ್ಟರೆ ನಿಂತ ಬೆಳೆ ಒಣಗುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಿ. ಪಿ. ಪಾಣಿಗ್ರಾಹಿ ಮತ್ತು ಪಿ. ಪಿ. ಮುಜುಂದಾರ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಜಲಾಶಯವನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಜಲಾಶಯದ ಸಂಗ್ರಹ, ಒಳಹರಿವು, ಬೇಡಿಕೆ ಈ ಮೂರೂ ‘ಹೀಗಿದ್ದರೆ’ ಎಂಬ ಭಾಗದಲ್ಲಿ. ಬಿಡಬೇಕಾದ ನೀರು ‘ಹೀಗೆ ಮಾಡು’ ಎಂಬ ಭಾಗದಲ್ಲಿ. ವಿಜಯನಗರದ ತಾಯಿ ತೂಗಿ ನೋಡಿದ ಮೂರು ಸಂಗತಿಗಳೇ ಅವು! ನಿಯಮಗಳನ್ನು ಅವರು ಕೇವಲ ಊಹೆಯಿಂದ ಬರೆಯಲಿಲ್ಲ. ಜಲಾಶಯವನ್ನು ಒಂದು ಗೊತ್ತಾದ ಧೋರಣೆಯಂತೆ ನಡೆಸಿದರೆ ಏನಾಗುತ್ತದೆಂದು ಗಣಕಯಂತ್ರದಲ್ಲಿ ಲೆಕ್ಕಹಾಕಿ, ಅದರಿಂದ ಬಂದ ತಿಳಿವಳಿಕೆಯನ್ನು ನಿಯಮಗಳ ರೂಪಕ್ಕೆ ತಂದರು.

ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಜಟಿಲವಾದ ಸಮೀಕರಣಗಳು ಕೊಟ್ಟ ಉತ್ತರವನ್ನು ಅಣೆಕಟ್ಟಿನ ಮೇಲೆ ನಿಂತ ಎಂಜಿನಿಯರು ನಂಬಬೇಕು, ಇಲ್ಲವೆ ಬಿಡಬೇಕು. ‘ಸಂಗ್ರಹ ಕಡಮೆ, ಒಳಹರಿವು ಮಧ್ಯಮ, ಬೇಡಿಕೆ ಹೆಚ್ಚು ಆಗಿದ್ದರೆ ಇಷ್ಟು ಬಿಡು’ ಎಂಬ ನಿಯಮವನ್ನು ಆತ ಓದಬಲ್ಲನು, ತಪ್ಪೆನಿಸಿದರೆ ಪ್ರಶ್ನಿಸಬಲ್ಲನು. ರಾಶಿ ರಾಶಿ ಮಾಹಿತಿಯಿಂದ ತಾವೇ ಕಲಿಯುವ ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಎಷ್ಟೋ ಕೆಲಸಗಳಲ್ಲಿ ಫಜಿ ನಿಯಮಗಳನ್ನು ಹಿಂದೆ ಹಾಕಿವೆ. ಆದರೆ ಅವು ತಮ್ಮ ಉತ್ತರಕ್ಕೆ ಕಾರಣವನ್ನು ಹೀಗೆ ಮನುಷ್ಯರ ಮಾತಿನಲ್ಲಿ ಬಿಡಿಸಿ ತೋರಿಸುವುದು ಸುಲಭವಲ್ಲ.

ಓರೆಗೆರೆಯನ್ನು ಎಳೆದವರು ಯಾರು?

ಫಜಿ ತರ್ಕಕ್ಕೂ ಮಿತಿಗಳುಂಟು. ಮೂರು ಸಂಗತಿಗಳಿಗೆ ಐದೈದು ಮಟ್ಟಗಳನ್ನಿಟ್ಟರೆ 125 ನಿಯಮಗಳಾಗುತ್ತವೆ; ಇನ್ನೊಂದು ಸಂಗತಿ ಸೇರಿದರೆ 625. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ನಮ್ಮ ಸಂಪಿಗೆ 500, 1,500 ಎಂಬ ಅಂಕೆಗಳನ್ನು ಆರಿಸಿದವರಾರು? ನಾವೇ. ಅವನ್ನು ಬದಲಿಸಿದರೆ ಉತ್ತರವೂ ಬದಲಾಗುತ್ತದೆ. ಗಣಿತ ಆ ಗೆರೆಯಿಂದ ಮುಂದಿನ ದಾರಿಯನ್ನು ತಪ್ಪಿಲ್ಲದೆ ತೋರಿಸುತ್ತದೆ. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಹೇಳುವುದಿಲ್ಲ.

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲವೆಂಬುದಕ್ಕೆ ಮಲಪ್ರಭೆಯ ಅಚ್ಚುಕಟ್ಟಿನ ಇತಿಹಾಸವೇ ಸಾಕ್ಷಿ. 1980ರ ಜುಲೈ ತಿಂಗಳಿನಲ್ಲಿ ನರಗುಂದ, ನವಲಗುಂದಗಳಲ್ಲಿ ಎದ್ದ ರೈತರ ಚಳವಳಿ ಗೋಲೀಬಾರಿನವರೆಗೆ ಹೋಗಿ ಪ್ರಾಣಹಾನಿಯಾಯಿತು. ನೀರಾವರಿಯಿಂದ ಭೂಮಿಗೆ ಬೆಲೆ ಏರಿತೆಂದು ವಿಧಿಸಿದ ಅಭಿವೃದ್ಧಿ ಕರ ಅದರ ಕಾರಣಗಳಲ್ಲೊಂದು. ಸರಿಯಾಗಿ ನೀರು ತಲುಪದ ಹೊಲಗಳಿಗೂ ಕರ ಬಂದಿತೆಂಬುದು ರೈತರ ದೂರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾಗದದ ಮೇಲೆ ‘ಅಚ್ಚುಕಟ್ಟಿಗೆ ಸೇರಿದ ಭೂಮಿ’ ಎಂಬುದು ಇದೆ ಅಥವಾ ಇಲ್ಲ ಎಂಬ ಬಗೆಯ ಗಣ. ‘ನೀರು ಕಂಡ ಭೂಮಿ’ ಎಂಬುದು ಕಾಲುವೆಯ ತಲೆಯಿಂದ ಬಾಲದವರೆಗೆ 1ರಿಂದ 0ಯ ಕಡೆಗೆ ಇಳಿಯುತ್ತ ಹೋಗುವ ಗಣ. ಇಳಿಜಾರಾಗಿರುವ ವಸ್ತುವನ್ನು ಮೆಟ್ಟಿಲೆಂದು ಬರೆದುಕೊಂಡರೆ ಯಾರೋ ಒಬ್ಬರು ಮೆಟ್ಟಿಲ ಅಂಚಿನಿಂದ ಕೆಳಗೆ ಬೀಳುತ್ತಾರೆ.

ಕೊನೆಗೆ ತೂಬಿನ ಬಾಗಿಲನ್ನು ಇಷ್ಟು ಅಡಿ ಎತ್ತಬೇಕೆಂದು ಯಾರಾದರೂ ಹೇಳಲೇಬೇಕು. ವಿದ್ಯಾರ್ಥಿ ತೇರ್ಗಡೆಯಾದನೋ ಇಲ್ಲವೋ ಎಂದು ನಾವೂ ಬರೆಯಲೇಬೇಕು. ಪ್ರಮಾಣಗಳ ತರ್ಕ ಆ ಹೊಣೆಯನ್ನು ನಮ್ಮಿಂದ ತೆಗೆದುಹಾಕುವುದಿಲ್ಲ. ನಾವು ಎಳೆದ ಗೆರೆ ಎಂತಹುದು, ಅದರ ಇಕ್ಕೆಲದಲ್ಲಿ ಯಾರಿದ್ದಾರೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಮಾಡುತ್ತದೆ.

ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿನೋಡಬಹುದು. ಸಂಪಿನ ಆಳವನ್ನು ಕೋಲಿನಿಂದ ಅಳೆದು, ಎಷ್ಟು ಆಳಕ್ಕೆ ಎಷ್ಟು ಲೀಟರೆಂದು ಲೆಕ್ಕ ಹಾಕಿಕೊಳ್ಳಿ. ಮನೆಯ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ‘ಇಷ್ಟು ನೀರು ಸಾಕಷ್ಟು ಎನ್ನುವುದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂದು ಕೇಳಿ, ಉತ್ತರವನ್ನು 0ಯಿಂದ 1ರೊಳಗಿನ ಸಂಖ್ಯೆಯಾಗಿ ಗ್ರಾಫ್ ಕಾಗದದ ಮೇಲೆ ಗುರುತಿಸಿ. ಪಾತ್ರೆ ತೊಳೆಯುವವರ ಗೆರೆಯೂ ಷವರಿನ ಕೆಳಗೆ ನಿಲ್ಲುವವರ ಗೆರೆಯೂ ಬೇರೆಯಾಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಮನೆಯ ನಿಯಮವನ್ನು ಬರೆಯುವ ಮೊದಲು ಯಾರ ಯಾರ ಗೆರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಒಟ್ಟಾಗಿ ಕುಳಿತು ಯೋಚಿಸಿ.